ನನ್ನ ಕಥೆಯ ಮೂರು ರಕ್ತಪಿಶಾಚಿಗಳಿಗೆ ಹೊಸ ರೂಪ ಕೊಡಬೇಕು: ಹಾಸನ, ಚಿಕ್ಕಮಗಳೂರು ಕಡೆಯವರು ಸಲಹೆ ಕೊಡಿ

ಹೂಮಳೆ:
ಎಲ್ಲರಿಗೂ ನಮಸ್ಕಾರ. ಮೂಡಿಗೆರೆಯಿಂದ ಬರೆಯುತ್ತಿದ್ದೇನೆ. ಚಿತ್ರ ಬರೆದು ಕಥೆ ಹೇಳುವ ಒಂದು ಸರಣಿ ಮಾಡುತ್ತಿದ್ದೇನೆ. ಕಥೆ ನಡೆಯುವುದು ಹಳೇಬೀಡು, ಗೊರೂರು, ನಮ್ಮ ಮೂಡಿಗೆರೆ, ಈ ಸುತ್ತಿನಲ್ಲೇ. ಮೂರು ಮುಖ್ಯ ಪಾತ್ರಗಳು, ಮೂವರೂ ರಕ್ತ ಕುಡಿದು ಬದುಕುವವರು.

ಮೊದಲ ಸುತ್ತಿನ ಚಿತ್ರಗಳನ್ನು ಹಾಕಿದ್ದೇನೆ, ನೋಡಿ. ಏಡ್ರಿಯನ್, 800 ವರ್ಷದ ಯೋಧ. ಲಿಲಿತ್, ಪಾಳು ಚರ್ಚಿನಲ್ಲಿರುವ ಹೆಂಗಸು. ಲಾರ್ಡ್ ಹಾರ್ವಿ, ಕಾಫಿ ತೋಟದ ಬಂಗಲೆಯ ದೊರೆ. ಮೂವರಿಗೂ ಉದ್ದ ಕಪ್ಪು ಕೋಟು, ಬಿಳಿ ಚರ್ಮ, ಕೆಂಪು ಕಣ್ಣು. ಈಗ ಎರಡನೇ ಸುತ್ತು ಶುರು ಮಾಡಬೇಕು. ಹೆಸರು, ಬಟ್ಟೆ, ಹಿನ್ನೆಲೆ, ಯಾವುದನ್ನು ಬದಲಿಸಲೂ ತಯಾರಿದ್ದೇನೆ. ಇವರು ಈ ಊರಿನವರೇ ಅನ್ನಿಸಬೇಕು. ಓದಿದವರಿಗೆ ಭಯವೂ ಆಗಬೇಕು, ಅಯ್ಯೋ ಪಾಪ ಅಂತಲೂ ಅನ್ನಿಸಬೇಕು.

ಶಾಯಿ_ಕುಡಿಕೆ:
ಹೂಮಳೆ ಅವರೇ, ನಿಮ್ಮ ಗೆರೆ ತುಂಬಾ ಚೆನ್ನಾಗಿದೆ. ಕೈಬೆರಳುಗಳನ್ನು ಬರೆದಿರುವ ರೀತಿ ನನಗೆ ಬಹಳ ಇಷ್ಟವಾಯಿತು.

ಒಂದು ಪರೀಕ್ಷೆ ಮಾಡಿ. ಮೂವರನ್ನೂ ಅಕ್ಕಪಕ್ಕ ನಿಲ್ಲಿಸಿ ಪೂರ್ತಿ ಕಪ್ಪು ಬಣ್ಣ ತುಂಬಿ. ನಾನು ಕ್ರಿತಾದಲ್ಲಿ (ಚಿತ್ರ ಬರೆಯುವ ತಂತ್ರಾಂಶ) ಹಾಕಿ ನೋಡಿದೆ. ಯಾರು ಯಾರು ಅಂತ ಗೊತ್ತಾಗುತ್ತಿಲ್ಲ. ಮೂವರೂ ಎತ್ತರ, ಮೂವರೂ ತೆಳ್ಳಗೆ, ಮೂವರ ಕೋಟೂ ಕೆಳಗೆ ಅಗಲವಾಗುತ್ತದೆ. ಬರೀ ನೆರಳು ನೋಡಿ ಪಾತ್ರ ಗುರುತಿಸುವ ಹಾಗಿರಬೇಕು. ರಾತ್ರಿಯೇ ಜಾಸ್ತಿ ಇರುವ ಕಥೆಯಲ್ಲಂತೂ ಇದು ತೀರಾ ಮುಖ್ಯ, ಅಲ್ವಾ?

ಹಾಗಂತ ಈಗಲೇ ಬಟ್ಟೆ ಬದಲಿಸಲು ಹೋಗಬೇಡಿ. ಮೊದಲು ಇದಕ್ಕೆ ಉತ್ತರ ಬರೆಯಿರಿ: ಇವರಲ್ಲಿ ಪ್ರತಿಯೊಬ್ಬರೂ ಯಾವ ಹೊಸ್ತಿಲು ದಾಟಲಾರರು? ಕರೆಯದೆ ಮನೆಯೊಳಗೆ ಬರುವಂತಿಲ್ಲ ಅನ್ನುವುದು ರಕ್ತಪಿಶಾಚಿ ಕಥೆಗಳ ಹಳೆಯ ನಿಯಮ. ನನಗೆ ಅದು ಎಲ್ಲಕ್ಕಿಂತ ದೊಡ್ಡ ನಿಯಮ. ಹೊರಗೆ ನಿಂತವನಿಗೆ ಒಳಗೆ ಏನು ಬೇಕಾಗಿದೆ ಅಂತ ಗೊತ್ತಾದರೆ ನಿಲುವು, ಬಟ್ಟೆ, ಕಣ್ಣು ಎಲ್ಲವೂ ಅದರಿಂದಲೇ ಹುಟ್ಟುತ್ತವೆ.

ಬಳಪದ_ಕಲ್ಲು:
ನಾನು ಹಾಸನದವನು. ಯೋಧನ ಬಗ್ಗೆ ಮಾತ್ರ ಹೇಳುತ್ತೇನೆ. 800 ವರ್ಷದ ಯೋಧ, ಅದೂ ಹಳೇಬೀಡಿನಲ್ಲಿ ಅಂದರೆ ಏಡ್ರಿಯನ್ ಯಾಕೆ ಬೇಕು? ನಿಮಗೆ ಗರುಡರು ಇದ್ದಾರಲ್ಲ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹೊಯ್ಸಳರ ಕಾಲದಲ್ಲಿ ಗರುಡರು ಅಂದರೆ ರಾಜನ ಅಂಗರಕ್ಷಕರು. ಒಡೆಯ ಸತ್ತರೆ ತಾವೂ ಸಾಯುತ್ತೇವೆ ಅಂತ ಭಾಷೆ ಕೊಟ್ಟವರು. ಹೊಯ್ಸಳೇಶ್ವರ ಗುಡಿಯ ಹತ್ತಿರ ಒಂದು ಗರುಡಗಂಬ ಇದೆ. ಇಮ್ಮಡಿ ವೀರಬಲ್ಲಾಳ 1220ರಲ್ಲಿ ತೀರಿಕೊಂಡ. ಅವನ ಜೊತೆಗೇ ಪ್ರಾಣ ಬಿಟ್ಟ ಕುವರ ಲಕ್ಷ್ಮನ ಶಾಸನ ಅದರ ಮೇಲಿದೆ. ಕತ್ತಿ ಹಿಡಿದು ತಮ್ಮ ತಲೆ ತಾವೇ ಕಡಿದುಕೊಳ್ಳುವ ವೀರರನ್ನೂ ಅಲ್ಲಿ ಕೆತ್ತಿದ್ದಾರೆ. ಪ್ರವಾಸಿಗಳು ಗುಡಿ ನೋಡುವ ಗಡಿಬಿಡಿಯಲ್ಲಿ ಆ ಕಂಬವನ್ನು ದಾಟಿ ಹೋಗಿಬಿಡುತ್ತಾರೆ. ಹೋದಾಗ ದಯವಿಟ್ಟು ಒಂದು ನಿಮಿಷ ನಿಂತು ನೋಡಿ.

ಈಗ ನಿಮ್ಮ ಯೋಧನನ್ನು ಅಲ್ಲಿ ಇಟ್ಟು ಯೋಚನೆ ಮಾಡಿ. ಅವನೂ ಭಾಷೆ ಕೊಟ್ಟವನು. ಬಲ್ಲಾಳ ಸತ್ತ ಸುದ್ದಿ ಬಂತು. ಜೊತೆಯವರೆಲ್ಲ ತಲೆ ಕಡಿದುಕೊಂಡರು. ಇವನೂ ಕಡಿದುಕೊಂಡ. ಆದರೆ ಅದಕ್ಕೂ ಕೆಲವು ದಿನ ಮುಂಚೆ ಇವನಿಗೆ ಏನೋ ಕಚ್ಚಿತ್ತು. ಬೆಳಗಾಗುವ ಮುಂಚೆ ಎದ್ದು ಕೂತ. ಜೊತೆಯವರು ಯಾರೂ ಏಳಲಿಲ್ಲ.

ಅವನು ಸಾಯಲಾರ. ಹಾಗಾಗಿ 800 ವರ್ಷದಿಂದ ಕೊಟ್ಟ ಮಾತು ತಪ್ಪಿದವನಾಗಿಯೇ ಬದುಕಿದ್ದಾನೆ. ವೀರರಿಗೆ ಕಲ್ಲಿದೆ, ಇವನಿಗೆ ಕಲ್ಲಿಲ್ಲ. ಅವನು ದಾಟಲಾರದ ಹೊಸ್ತಿಲು ಸಾವೇ. ಹೆಸರು ಬಮ್ಮ ಅಂತ ಇಡಿ. ಆ ಕಾಲಕ್ಕೆ ಒಪ್ಪುವ ಹೆಸರು, ಕರೆಯಲೂ ಸುಲಭ.

ಸಕಲೇಶಪುರ_ಪ್ಯಾಸೆಂಜರ್:
ಬಮ್ಮನ ಕಥೆ ಓದಿ ಮೈ ಜುಮ್ ಅಂತು. ಆದರೆ ಒಂದು ಪ್ರಶ್ನೆ. ನಮ್ಮಲ್ಲೇ ಇಷ್ಟೊಂದು ದೆವ್ವ, ಭೂತ, ಬೇತಾಳ, ಕೊಳ್ಳಿದೆವ್ವ ಇರುವಾಗ ಯುರೋಪಿನ ರಕ್ತಪಿಶಾಚಿ ಯಾಕೆ? ಚೌಡಿಯನ್ನೋ ಜಟಕನನ್ನೋ ತಂದರೆ ಸಾಕಲ್ವಾ?

ಹೂಮಳೆ:
ಇದನ್ನು ನಾನೂ ತುಂಬಾ ಯೋಚನೆ ಮಾಡಿದ್ದೇನೆ ಅಣ್ಣ. ಚೌಡಿ, ಜಟಕ ನಮ್ಮ ತೋಟದ ಅಂಚಿನಲ್ಲೇ ಇದ್ದಾರೆ. ವರ್ಷಕ್ಕೊಮ್ಮೆ ಪೂಜೆ ಆಗುತ್ತದೆ. ಜನ ನಂಬಿ ನಡೆದುಕೊಳ್ಳುವ ದೈವವನ್ನು ರಕ್ತ ಹೀರುವ ಖಳ ಅಂತ ಬರೆಯಲು ನನಗೆ ಮನಸ್ಸಿಲ್ಲ. ರಕ್ತಪಿಶಾಚಿಗೆ ಇಲ್ಲಿ ಯಾರೂ ಪೂಜೆ ಮಾಡುವುದಿಲ್ಲ. ಹಾಗಾಗಿ ಅದನ್ನು ಹೇಗೆ ಬೇಕಾದರೂ ಬಗ್ಗಿಸಬಹುದು. ದೈವಗಳು ಕಥೆಯಲ್ಲಿ ಇರುತ್ತಾರೆ, ಊರು ಕಾಯುವವರಾಗಿ.

ಬಳಪದ_ಕಲ್ಲು:
ಒಪ್ಪುವ ಮಾತು. ಬೇತಾಳ ಬೇಕಾದರೆ ನೋಡಲಿಕ್ಕೆ ಮಾತ್ರ ತೆಗೆದುಕೊಳ್ಳಿ. ಹಾಸನದಿಂದ ಬೇಲೂರಿಗೆ ಹೋಗುವ ದಾರಿಯಲ್ಲಿ ದೊಡ್ಡಗದ್ದವಳ್ಳಿ ಸಿಗುತ್ತದೆ. ಲಕ್ಷ್ಮೀದೇವಿ ಗುಡಿ, 900 ವರ್ಷ ಹಳೆಯದು. ಒಳಗೆ ಕಾಳಿಯ ಗರ್ಭಗುಡಿ ಮುಂದೆ ಎರಡು ಬೇತಾಳಗಳು ಆಳೆತ್ತರಕ್ಕೆ ನಿಂತಿವೆ. ಎಲುಬು ಎಣಿಸಬಹುದು. ಹಸಿದ ಮೈಯನ್ನು ಹೇಗೆ ಬರೆಯಬೇಕು ಅಂತ ಕಲಿಯಲು ಇದಕ್ಕಿಂತ ಒಳ್ಳೆಯ ಮಾದರಿ ಈ ಜಿಲ್ಲೆಯಲ್ಲಿ ಇಲ್ಲ. ಸ್ಕೆಚ್ ಪುಸ್ತಕ ತೆಗೆದುಕೊಂಡು ಹೋಗಿ.

ಬಾವಲಿ_ಮೇಷ್ಟ್ರು:
ಚಿಕ್ಕಮಗಳೂರಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ರಕ್ತ ಕುಡಿಯುವ ನಿಜವಾದ ಪ್ರಾಣಿಗಳನ್ನು ಒಮ್ಮೆ ನೋಡಿ ಅಂತ ನನ್ನ ವಿನಂತಿ.

ರಕ್ತ ಕುಡಿದೇ ಬದುಕುವ ಬಾವಲಿಗಳು ಮೂರೇ ಜಾತಿ. ಮೂರೂ ಇರುವುದು ಮೆಕ್ಸಿಕೊದಿಂದ ದಕ್ಷಿಣ ಅಮೆರಿಕದವರೆಗೆ. ನಮ್ಮ ದೇಶದಲ್ಲಿ ಒಂದೂ ಇಲ್ಲ. ಆದರೂ ಅವುಗಳಿಂದ ಕಲಿಯುವುದಿದೆ. ಅವು ಕೋರೆಹಲ್ಲು ಚುಚ್ಚಿ ಹೀರುವುದಿಲ್ಲ. ಮುಂದಿನ ಬಾಚಿಹಲ್ಲು ಬ್ಲೇಡಿನಷ್ಟು ಹರಿತ. ಅದರಿಂದ ಚಿಕ್ಕ ಗಾಯ ಮಾಡಿ, ಸುರಿಯುವ ರಕ್ತವನ್ನು ನೆಕ್ಕುತ್ತವೆ. ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಇದೆ. ಎರಡು ಮೂರು ರಾತ್ರಿ ಊಟ ಸಿಗದಿದ್ದರೆ ಸತ್ತೇ ಹೋಗುತ್ತವೆ. ಅದಕ್ಕೇ ಹೊಟ್ಟೆ ತುಂಬಿದ ಬಾವಲಿ ಹಸಿದ ಗೆಳತಿಗೆ ತಾನು ಕುಡಿದ ರಕ್ತವನ್ನು ವಾಪಸ್ ಕಕ್ಕಿ ಕೊಡುತ್ತದೆ. ನಿಮ್ಮ ಮೂವರ ನಡುವೆ ಇಂಥ ಕೊಡುಕೊಳ್ಳುವಿಕೆ ಇದ್ದರೆ ಹೇಗಿರುತ್ತದೆ? ಒಬ್ಬರನ್ನೊಬ್ಬರು ದ್ವೇಷಿಸಿದರೂ ಬಿಟ್ಟಿರಲಾರರು.

ಇನ್ನು ನಮ್ಮದೇ ಉಂಬಳ, ಅಂದರೆ ಕಾಡಿನ ಜಿಗಣೆ. ಮಲೆನಾಡಿನಲ್ಲಿ ಹುಟ್ಟಿದವರಿಗೆ ರಕ್ತ ಹೀರುವುದು ಅಂದರೆ ಮೊದಲು ನೆನಪಾಗುವುದು ಅದೇ. ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಬಿದ್ದು ಹೋದ ಮೇಲೂ ರಕ್ತ ನಿಲ್ಲುವುದಿಲ್ಲ. ಅದಕ್ಕೆ ಮೂರು ದವಡೆ, ಹಾಗಾಗಿ ಗಾಯ ಮೂರು ಗೆರೆ ಕೂಡಿದ ಹಾಗೆ ಕಾಣುತ್ತದೆ. ಕುತ್ತಿಗೆ ಮೇಲೆ ಎರಡು ಚುಕ್ಕಿ ನೋಡಿ ನೋಡಿ ಎಲ್ಲರಿಗೂ ಸಾಕಾಗಿದೆ. ಕಾಲಿನ ಹರಡಿನ ಹತ್ತಿರ ಮೂರು ಗೆರೆಯ ಗಾಯ ಬರೆಯಿರಿ. ನಮ್ಮ ಕಡೆ ಓದುಗರು ಒಮ್ಮೆಗೇ ಕಾಲು ಮೇಲೆ ಎತ್ತಿ ಕೂರುತ್ತಾರೆ.

ಪಿಶಾಚಿ ಓಡಿಸಲು ಆ ಕಥೆಗಳ ಬೆಳ್ಳುಳ್ಳಿಯೂ ಬೇಡ. ಉಂಬಳಕ್ಕೆ ಹಾಕುವ ಉಪ್ಪು, ಸುಣ್ಣ, ಹೊಗೆಸೊಪ್ಪು ಸಾಕು.

ಲೈನ್‌ಮನೆ_ಹುಡುಗ:
ಮೇಷ್ಟ್ರೇ, ಹೊಗೆಸೊಪ್ಪಿನ ನೀರು ಕಾಲಿಗೆ ಹಚ್ಚಿಕೊಂಡೇ ನಮ್ಮ ಅಮ್ಮ ತೋಟಕ್ಕೆ ಹೋಗುತ್ತಿದ್ದರು. ಓದಿ ಖುಷಿಯಾಯಿತು.

ನನಗೆ ಮಾತಾಡಬೇಕಿರುವುದು ಲಾರ್ಡ್ ಹಾರ್ವಿ ಬಗ್ಗೆ. ನಾನು ಲೈನ್ ಮನೆಯಲ್ಲಿ, ಅಂದರೆ ತೋಟದ ಕೂಲಿಯವರ ಸಾಲುಮನೆಯಲ್ಲಿ, ಹುಟ್ಟಿ ಬೆಳೆದವನು. ಬಂಗಲೆಯ ಬಿಳಿ ದೊರೆ ಕೆಟ್ಟವನು, ಕೂಲಿಯವರು ಒಬ್ಬೊಬ್ಬರಾಗಿ ಸಾಯುವವರು. ಇಂಥ ಕಥೆಯಲ್ಲಿ ಕೂಲಿಯವರಿಗೆ ಹೆಸರೇ ಇರುವುದಿಲ್ಲ. ಮೊದಲ ಪುಟದಲ್ಲಿ ಒಂದು ಹೆಣ, ಹತ್ತನೇ ಪುಟದಲ್ಲಿ ಇನ್ನೊಂದು. ಅಕ್ಕ, ದಯವಿಟ್ಟು ಹಾಗೆ ಮಾಡಬೇಡಿ. ತೋಟದಲ್ಲಿ ತಮಿಳುನಾಡಿನಿಂದ ಬಂದವರಿದ್ದಾರೆ, ಬಯಲುಸೀಮೆಯವರಿದ್ದಾರೆ, ಘಟ್ಟದ ಕೆಳಗಿನವರಿದ್ದಾರೆ, ಈಗ ಅಸ್ಸಾಮಿನವರೂ ಇದ್ದಾರೆ. ಒಬ್ಬೊಬ್ಬರಿಗೂ ಒಂದೊಂದು ಕಥೆ ಇದೆ.

ದೊರೆಯನ್ನು ಬಿಟ್ಟುಬಿಡಿ. ಕೂಲಿಯವರು ದಿನಾ ಮುಖ ನೋಡುವುದು ರೈಟ್ರನ್ನು, ತೋಟದ ಲೆಕ್ಕ ಬರೆಯುವವರನ್ನು. ಬೆಳಗ್ಗೆ ಚೆಕ್‌ರೋಲ್ (ಹಾಜರಿ ಪುಸ್ತಕ) ಹಿಡಿದು ಹೆಸರು ಕರೆಯುವವರು ಅವರೇ. ಕರೆದಾಗ ಓಗೊಟ್ಟರೆ ಸಂಬಳ, ಇಲ್ಲದಿದ್ದರೆ ಆವತ್ತಿನದು ಹೋಯಿತು. ಆ ರೈಟ್ರು ಸತ್ತ ಮೇಲೂ ರಾತ್ರಿ ಲೈನ್ ಮನೆ ಮುಂದೆ ನಿಂತು ಹೆಸರು ಕರೆದರೆ? ಓಗೊಟ್ಟವರು ಮಾತ್ರ ಅವರ ಪಾಲು. ರಾತ್ರಿ ಯಾರಾದರೂ ಹೆಸರು ಹಿಡಿದು ಕರೆದರೆ ಒಂದೇ ಕರೆಗೆ ಓಗೊಡಬಾರದು, ಮೂರು ಸಲ ಕರೆಯುವವರೆಗೆ ಸುಮ್ಮನಿರಬೇಕು ಅಂತ ನಮ್ಮ ಅಜ್ಜಿ ಹೇಳುತ್ತಿದ್ದರು. ನಿಮ್ಮ ಮನೆಯಲ್ಲೂ ಹೇಳಿರುತ್ತಾರೆ.

ಶಾಯಿ_ಕುಡಿಕೆ:
ಇದು ಪಾತ್ರ! ಆಕಾರವೂ ತಾನೇ ಸಿಕ್ಕಿತು. ಕೊಡೆ, ಕಂಕುಳಲ್ಲಿ ಚೆಕ್‌ರೋಲ್ ಪುಸ್ತಕ, ಜೇಬಿನಲ್ಲಿ ಪೆನ್ನು, ತೋಳಿಲ್ಲದ ಸ್ವೆಟರ್, ಸ್ವಲ್ಪ ಬಗ್ಗಿದ ಬೆನ್ನು. ಕಪ್ಪು ತುಂಬಿದರೂ ಕೊಡೆ ನೋಡಿದ ತಕ್ಷಣ ರೈಟ್ರು ಅಂತ ಗೊತ್ತಾಗುತ್ತದೆ.

ಪೂರ್ವ ಯುರೋಪಿನ ಕಡೆ ಒಂದು ನಂಬಿಕೆ ಇತ್ತು. ಗೋರಿಯ ಹತ್ತಿರ ಗಸಗಸೆಯನ್ನೋ ಸಣ್ಣ ಕಾಳನ್ನೋ ಚೆಲ್ಲುತ್ತಿದ್ದರು. ಪಿಶಾಚಿ ಅದನ್ನು ಒಂದೊಂದಾಗಿ ಎಣಿಸದೆ ಮುಂದೆ ಹೋಗಲಾರದು, ಅಷ್ಟರಲ್ಲಿ ಬೆಳಗಾಗುತ್ತದೆ ಅಂತ. ಬದುಕಿಡೀ ಲೆಕ್ಕ ಬರೆದ ರೈಟ್ರಿಗೆ ಇದಕ್ಕಿಂತ ಹೊಂದುವ ನಿಯಮ ಉಂಟಾ? ಬಾಗಿಲ ಮುಂದೆ ಒಂದು ಹಿಡಿ ರಾಗಿ ಚೆಲ್ಲಿದರೆ ಸಾಕು.

ಗೊರೂರು_ಹಿನ್ನೀರು:
ನಮಸ್ಕಾರ. ನಿಮ್ಮ ಲಿಲಿತ್ ಇರುವ ಪಾಳು ಚರ್ಚು, ಅಂದರೆ ಗೊರೂರು ಹತ್ತಿರದ ಶೆಟ್ಟಿಹಳ್ಳಿ ಚರ್ಚಿನ ಬಗ್ಗೆ ಹೇಳಲೇಬೇಕು ಅನ್ನಿಸಿತು. ನಾವು ಕ್ರೈಸ್ತರು, ನಮ್ಮ ಹಿರಿಯರು ಆ ಕಡೆಯವರು.

ಎಲ್ಲರೂ ಅದನ್ನು ಮುಳುಗುವ ಚರ್ಚು ಅಂತ ಫೋಟೊ ತೆಗೆಯಲು ಹೋಗುತ್ತಾರೆ. ಸೂರಿಲ್ಲ, ಗೋಡೆಗಳಿವೆ, ಕಮಾನುಗಳಿವೆ. ಮಳೆಗಾಲದಲ್ಲಿ ಅರ್ಧ ನೀರಿನೊಳಗೆ. ನೋಡಲು ಚೆಂದವೇ. ಆದರೆ 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಅದನ್ನು ಕಟ್ಟಿಸಿದಾಗ ಸುತ್ತ ಊರಿತ್ತು. ಹೇಮಾವತಿಗೆ ಗೊರೂರಿನಲ್ಲಿ ಅಣೆಕಟ್ಟು ಬಂತು. 1979ರಲ್ಲಿ ಕೆಲಸ ಮುಗಿಯಿತು. ಊರು ಬಿಟ್ಟವರ ಮಕ್ಕಳು, ಮೊಮ್ಮಕ್ಕಳು ಈಗಲೂ ಇದ್ದೇವೆ.

ಆದ್ದರಿಂದ ಲಿಲಿತ್ ಅನ್ನುವ ದುಷ್ಟ ಹೆಂಗಸು ಅಲ್ಲಿ ಕೂತಿದ್ದಾಳೆ ಅಂದರೆ ನನಗೆ ಬೇಸರವಾಗುತ್ತದೆ. ಅವಳು ಊರಿನವಳೇ ಆಗಲಿ. ಎಲ್ಲರೂ ಹೊರಟಾಗ ಹೊರಡಲಾರದವಳು. ಹರಿಯುವ ನೀರು ದಾಟುವಂತಿಲ್ಲ ಅನ್ನುವ ನಿಯಮ ಈ ಕಥೆಗಳಲ್ಲಿ ಇದೆಯಲ್ಲ, ಅದನ್ನು ಬಳಸಿ. ಮಳೆಗಾಲದಲ್ಲಿ ಹಿನ್ನೀರು ಏರುತ್ತದೆ, ಅವಳು ಗೋಡೆಗಳ ನಡುವೆ ಸೆರೆ. ನೀರು ಇಳಿದರೆ ಬಿಡುಗಡೆ. ಹಸಿವು ಜಾಸ್ತಿ ಆಗುವುದೂ ಆಗಲೇ.

ಇನ್ನೊಂದು ಮಾತು. ಶಿಲುಬೆ ಕಂಡು ಅವಳು ಚೀರಿಕೊಂಡು ಓಡುವುದು ಬೇಡ. ಅವಳು ನಂಬಿಕೆ ಇರುವವಳು. ಜಪಮಾಲೆ ಕೈಯಲ್ಲೇ ಇರಲಿ. ಆದರೆ ಪೂಜೆಗೆ ಹೋಗಲಾರಳು, ಸತ್ಪ್ರಸಾದ ತೆಗೆದುಕೊಳ್ಳಲಾರಳು. ಊರಿನವರು ಹೊಸ ಜಾಗದಲ್ಲಿ ಕಟ್ಟಿಕೊಂಡ ಚರ್ಚಿನ ಗಂಟೆ ಗಾಳಿಯಲ್ಲಿ ಕೇಳುತ್ತದೆ, ಅಷ್ಟೆ. ಅವಳ ಹೊಸ್ತಿಲು ಅದು. ಹೆಸರು ರೋಜಮ್ಮ ಅಂತಿರಲಿ. ಆ ಚರ್ಚು ಜಪಮಾಲೆ (ರೋಸರಿ) ಮಾತೆಯ ಹೆಸರಿನದು.

ಹೂಮಳೆ:
ಅಕ್ಕ, ಮನಸ್ಸು ಬಿಚ್ಚಿ ಬರೆದಿದ್ದಕ್ಕೆ ಕೈ ಮುಗಿಯುತ್ತೇನೆ. ಲಿಲಿತ್ ಇನ್ನಿಲ್ಲ. ರೋಜಮ್ಮನೇ ಸರಿ. ತಲೆ ಮೇಲೆ ಸೆರಗು ಹೊದ್ದು, ಮೊಣಕಾಲೂರಿ ಕೂತಿರುವ ಆಕಾರ ಕಣ್ಣಿಗೆ ಕಟ್ಟುತ್ತಿದೆ. ಮೂವರಲ್ಲಿ ಗಿಡ್ಡವಳು ಇವಳೇ ಆಗಬೇಕು.

ಸಕಲೇಶಪುರ_ಪ್ಯಾಸೆಂಜರ್:
ಎಲ್ಲರ ಕಥೆಯೂ ಕರುಳು ಕಿವುಚುತ್ತಿದೆ. ಆದರೆ ನನಗೆ ಭಯ ಬೇಕು. ಇಷ್ಟೆಲ್ಲ ಪಾಪ ಅನ್ನಿಸಿದರೆ ಹೆದರುವುದು ಹೇಗೆ? ನಿಯಮಗಳೂ ಜಾಸ್ತಿ ಆಗುತ್ತಿವೆ. ಒಬ್ಬನಿಗೆ ರಾಗಿ, ಒಬ್ಬಳಿಗೆ ನೀರು, ಇನ್ನೊಬ್ಬ ತಲೆ ಕಡಿದರೂ ಸಾಯುವುದಿಲ್ಲ. ಓದುವವನು ಇದನ್ನೆಲ್ಲ ನೆನಪಿಟ್ಟುಕೊಳ್ಳಬೇಕಾ? ಬಿಸಿಲಿಗೆ ಮೂವರೂ ಸುಟ್ಟು ಹೋಗುತ್ತಾರೆ ಅಂತ ಒಂದೇ ನಿಯಮ ಇಡಿ.

ಶಾಯಿ_ಕುಡಿಕೆ:
ಬಿಸಿಲಿನ ನಿಯಮ ಅಷ್ಟು ಹಳೆಯದೇನಲ್ಲ. ಬ್ರಾಮ್ ಸ್ಟೋಕರ್ 1897ರಲ್ಲಿ ಬರೆದ ಡ್ರಾಕುಲಾ ಹಗಲಲ್ಲೂ ಓಡಾಡುತ್ತಾನೆ, ಶಕ್ತಿ ಮಾತ್ರ ಕುಗ್ಗಿರುತ್ತದೆ. ಬಿಸಿಲು ಬಿದ್ದರೆ ಸಾವು ಅನ್ನುವುದು ಹರಡಿದ್ದು 1922ರ ಒಂದು ಜರ್ಮನ್ ಮೂಕಿ ಚಿತ್ರದಿಂದ. ಹಾಗಾಗಿ ಅದನ್ನು ಇಟ್ಟುಕೊಳ್ಳಲೇಬೇಕು ಅಂತಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಸೂರ್ಯನ ಮುಖವೇ ಕಾಣದ ಊರಲ್ಲಿ ಆ ನಿಯಮ ಇಟ್ಟು ಏನು ಪ್ರಯೋಜನ? ಮಧ್ಯಾಹ್ನವೇ ಬಾಗಿಲು ತಟ್ಟಬಹುದು ಅಂದರೆ ಇನ್ನೂ ಭಯ.

ಭಯದ ಬಗ್ಗೆ ಪ್ಯಾಸೆಂಜರ್ ಹೇಳಿದ್ದು ನಿಜ. ಮುಖ ತೋರಿಸುವುದನ್ನು ತಡ ಮಾಡಿ. ರೈಟ್ರನ್ನು ಮೊದಲ ಅಧ್ಯಾಯದಲ್ಲಿ ಕೊಡೆ ಮತ್ತು ದನಿಯಾಗಿ ಮಾತ್ರ ತೋರಿಸಿ. ಅಯ್ಯೋ ಪಾಪ ಅನ್ನುವುದು ಆಮೇಲೆ ಬರಲಿ. ಹೆದರಿದ ಮೇಲೆ ಬರುವ ಕನಿಕರ ಗಟ್ಟಿ.

ಬಾವಲಿ_ಮೇಷ್ಟ್ರು:
ಬಣ್ಣದ ಬಗ್ಗೆ ಒಂದು ಸೂಚನೆ. ನಮ್ಮ ಮೈಬಣ್ಣದವರಲ್ಲಿ ರಕ್ತ ಇಳಿದರೆ ಚರ್ಮ ಸುಣ್ಣದಂತೆ ಬಿಳಿ ಆಗುವುದಿಲ್ಲ. ಬೂದಿ ಬಣ್ಣಕ್ಕೆ ತಿರುಗುತ್ತದೆ. ಬಿಳುಪು ಕಾಣುವುದು ತುಟಿ, ಉಗುರು, ಅಂಗೈ, ಕಣ್ಣಿನ ಕೆಳರೆಪ್ಪೆಯ ಒಳಗೆ. ರಕ್ತಹೀನತೆ ಇದೆಯಾ ಅಂತ ನೋಡಲು ಡಾಕ್ಟರು ಕೆಳರೆಪ್ಪೆ ಎಳೆದು ನೋಡುತ್ತಾರಲ್ಲ, ಅದಕ್ಕೇ. ಕೆಂಪು ಕಣ್ಣು ಬಿಡಿ. ಹಸಿವಾದಾಗ ಉಗುರು, ತುಟಿ ಬಣ್ಣ ಕಳೆದುಕೊಳ್ಳಲಿ. ಕುಡಿದ ಮೇಲೆ ಕೆಂಪು ಮರಳಿ ಬರಲಿ. ಮಾತಿಲ್ಲದೆ ಹಸಿವು ಎಷ್ಟಿದೆ ಅಂತ ತೋರಿಸಬಹುದು.

ಲೈನ್‌ಮನೆ_ಹುಡುಗ:
ಕೋಟಿನ ಬದಲು ಕಂಬಳಿ ಕೊಪ್ಪೆ ಹಾಕಿ. ಮಳೆಯಲ್ಲಿ ಕರಿ ಕಂಬಳಿಯನ್ನು ಮಡಿಸಿ ತಲೆ ಮೇಲೆ ಹೊದ್ದು ನಡೆಯುವವರನ್ನು ಹಿಂದಿನಿಂದ ನೋಡಿದ್ದೀರಾ? ಮುಖ ಕಾಣುವುದಿಲ್ಲ, ಕೈ ಕಾಣುವುದಿಲ್ಲ. ಬಮ್ಮನಿಗೆ ಸರಿ ಹೊಂದುತ್ತದೆ. ಕತ್ತಿನ ಗಾಯದ ಗೆರೆಯೂ ಮುಚ್ಚುತ್ತದೆ.

ಬಳಪದ_ಕಲ್ಲು:
ಒಳ್ಳೆಯ ಯೋಚನೆ ತಮ್ಮ. ಕಂಬಳಿ ಕೆಳಗೆ ಕಾಲಲ್ಲಿ ಒಂದು ಪೆಂಡೆಯ ಮಾತ್ರ ಉಳಿಯಲಿ, ವೀರರು ತೊಡುತ್ತಿದ್ದ ಕಾಲಬಳೆ. ಮೈಮೇಲಿನ ಬೇರೆಲ್ಲ ವಸ್ತು 800 ವರ್ಷದಲ್ಲಿ ಬದಲಾಗಿವೆ, ಅದೊಂದು ಬಿಟ್ಟು. 2023ರಲ್ಲಿ ಬೇಲೂರು, ಹಳೇಬೀಡು ಯುನೆಸ್ಕೊ ಪಟ್ಟಿಗೆ ಸೇರಿದವು. ಜನ ಬರುತ್ತಾರೆ, ಕಂಬದ ಪಕ್ಕ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಾರೆ. ಆ ಗುಂಪಿನಲ್ಲಿ ಇವನೂ ಇರಬಹುದು. ಗೈಡ್ ತನ್ನ ಗೆಳೆಯರ ಸಾವನ್ನು ವಿವರಿಸುವುದನ್ನು ಕೇಳುತ್ತಾ.

ಇನ್ನೊಂದು ದೃಶ್ಯ ಕೇಳುತ್ತೇನೆ, ಸಾಧ್ಯವಾದರೆ ಬರೆಯಿರಿ. ಬೇಲೂರು ಗುಡಿಯ ಶಿಲ್ಪ, ದರ್ಪಣ ಸುಂದರಿ. ಅವಳು ನೂರಾರು ವರ್ಷದಿಂದ ಕನ್ನಡಿ ಹಿಡಿದು ನಿಂತಿದ್ದಾಳೆ. ರಕ್ತಪಿಶಾಚಿ ಕಥೆಗಳಲ್ಲಿ ಹೇಳುವ ಹಾಗೆ ಕನ್ನಡಿಯಲ್ಲಿ ಮುಖ ಕಾಣದ ಬಮ್ಮ ಅವಳ ಕೆಳಗೆ ನಿಲ್ಲುತ್ತಾನೆ. ಅವನಿಗೆ ತನ್ನ ಮುಖ ಹೇಗಿತ್ತು ಅಂತಲೇ ಮರೆತಿದೆ.

ಹೂಮಳೆ:
ಖಂಡಿತ ಬರೆಯುತ್ತೇನೆ ಸರ್.

ಎಲ್ಲ ಓದಿ ಈಗ ಒಂದು ತೀರ್ಮಾನಕ್ಕೆ ಬಂದಿದ್ದೇನೆ. ಮೂವರಿಗೂ ಸಾಮಾನ್ಯ ನಿಯಮ ಎರಡೇ: ರಕ್ತ ಬೇಕು, ಕರೆಯದೆ ಒಳಗೆ ಬರುವಂತಿಲ್ಲ. ಉಳಿದದ್ದು ಅವರವರ ಬದುಕಿನಿಂದ ಬಂದದ್ದು. ಬಮ್ಮನಿಗೆ ಸಾವಿಲ್ಲ, ರೋಜಮ್ಮನಿಗೆ ನೀರು, ರೈಟ್ರಿಗೆ ಲೆಕ್ಕ. ಓದುಗರು ನಿಯಮ ನೆನಪಿಡಬೇಕಿಲ್ಲ, ಆ ಮನುಷ್ಯರನ್ನು ನೆನಪಿಟ್ಟರೆ ಸಾಕು. ಕೆಂಪು ಬಣ್ಣ ಎರಡೇ ಕಡೆ, ರಕ್ತ ಮತ್ತು ಕಾಫಿ ಹಣ್ಣು. ಬಾಕಿ ಎಲ್ಲ ಮಳೆಯ ಬೂದು, ಪಾಚಿಯ ಹಸಿರು.

ಕರೆಯುವ ನಿಯಮ ಯೋಚಿಸುವಾಗ 'ನಾಳೆ ಬಾ' ನೆನಪಾಯಿತು. ನಮ್ಮ ಕಡೆ ಹಳೇ ಬಾಗಿಲುಗಳ ಮೇಲೆ ಸೀಮೆಸುಣ್ಣದಲ್ಲಿ ಬರೆದಿರುವುದನ್ನು ನೀವೂ ನೋಡಿರುತ್ತೀರಿ. ರಾತ್ರಿ ಮನೆಯವರ ದನಿಯಲ್ಲಿ ಕರೆಯುವ ದೆವ್ವ ಅದನ್ನು ಓದಿ ವಾಪಸ್ ಹೋಗುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ ಅಂತ ನಂಬಿಕೆ. ರೈಟ್ರಿಗೆ ಒಬ್ಬಳು ಹೆಂಡತಿ ಇದ್ದಾಳೆ, ಬದುಕಿದ್ದಾಳೆ. ಗಂಡ ದಿನಾ ರಾತ್ರಿ ಬಂದು ಹೆಸರು ಕರೆಯುತ್ತಾನೆ. ಅವಳು ದಿನಾ ಸಂಜೆ ಬಾಗಿಲ ಮೇಲೆ ನಾಳೆ ಬಾ ಅಂತ ಬರೆಯುತ್ತಾಳೆ. ಊರಿನವರಿಗೆ ಅವಳು ಹೆದರಿ ಬರೆಯುತ್ತಾಳೆ ಅಂತ. ಅವಳು ಬರೆಯುವುದು ಅವನು ನಾಳೆಯೂ ಬರಲಿ ಅಂತ. ಒಳಗೆ ಬಿಟ್ಟರೆ ತಾನು ಸಾಯುತ್ತಾಳೆ. ಬರಬೇಡ ಅಂದರೆ ಅವನು ಹೊರಟೇ ಹೋಗುತ್ತಾನೆ.

ಗೊರೂರು_ಹಿನ್ನೀರು:
ಇದನ್ನು ಓದಿ ಸ್ವಲ್ಪ ಹೊತ್ತು ಏನೂ ಬರೆಯಲು ಆಗಲಿಲ್ಲ.

ಲೈನ್‌ಮನೆ_ಹುಡುಗ:
ಆದರೆ ಅಕ್ಕ, ಅವಳ ಬಾಗಿಲಲ್ಲಿ ನಿಲ್ಲದೆ ಅವನು ಮುಂದಿನ ಮನೆಗೆ ಹೋಗುತ್ತಾನಲ್ಲ? ಪಕ್ಕದ ಮನೆಯವರು ಸಾಯುತ್ತಾರೆ. ಅವಳಿಗೆ ಅದು ಗೊತ್ತಿರಬೇಕು. ಗೊತ್ತಿದ್ದೂ ಬರೆಯುತ್ತಾಳಾ? ಇದಕ್ಕೆ ಉತ್ತರ ಕೊಡದೆ ಬಿಡಬೇಡಿ.

ಸಕಲೇಶಪುರ_ಪ್ಯಾಸೆಂಜರ್:
ಈಗ ಭಯವಾಯಿತು. ಈ ಪ್ರಶ್ನೆಯೇ ಕಥೆ.

ಹೂಮಳೆ:
ತಮ್ಮ, ನೀನು ಕೇಳಿದ್ದು ನೂರಕ್ಕೆ ನೂರು ಸರಿ. ಅವಳ ಬಾಗಿಲ ಮುಂದೆ ರಾಗಿ ಚೆಲ್ಲಿರುತ್ತಾಳೆ ಅಂತ ಮಾಡಬಹುದು, ಅವನು ಬೆಳಗಿನವರೆಗೂ ಅಲ್ಲೇ ಎಣಿಸುತ್ತಾ ಕೂರಲಿ ಅಂತ. ಒಂದು ದಿನ ರಾಗಿ ಸಾಲದೆ ಹೋಗುತ್ತದೆ. ಆ ರಾತ್ರಿ ಪಕ್ಕದ ಮನೆಯಲ್ಲಿ ಯಾರೋ ಓಗೊಡುತ್ತಾರೆ. ಹೆಸರಿಲ್ಲದವರಲ್ಲ, ಮೊದಲ ಅಧ್ಯಾಯದಿಂದ ನಮಗೆ ಪರಿಚಯವಾದವರು.

ಹಾಗಾದರೆ ಪಾತ್ರಗಳು ನಾಲ್ಕಾದವು. ಅವಳ ಹೆಸರು ಗಿರಿಜಾ. ವಯಸ್ಸು ಐವತ್ತರ ಆಸುಪಾಸು, ಕಾಫಿ ಕೊಯ್ಲಿಗೆ ಹೋಗುವವಳು, ಬೆರಳಿಗೆ ಯಾವಾಗಲೂ ಸೀಮೆಸುಣ್ಣದ ಪುಡಿ. ಅವಳ ಹಾಳೆಯನ್ನೇ ಮೊದಲು ಬರೆಯುತ್ತೇನೆ. ಮುಂದೆ, ಪಕ್ಕ, ಹಿಂದೆ, ಮೂರು ಕೋನದಿಂದ. ಲೈನ್ ಮನೆಯ ಬಾಗಿಲಿನ ಎತ್ತರ ಎಷ್ಟಿರುತ್ತದೆ, ಚಿಲಕ ಎಲ್ಲಿರುತ್ತದೆ, ಒಳಗಿನಿಂದ ಕಿಟಕಿ ಯಾವ ಕಡೆ ತೆರೆಯುತ್ತದೆ ಅಂತ ಯಾರಾದರೂ ಹೇಳುತ್ತೀರಾ?

ಲೈನ್‌ಮನೆ_ಹುಡುಗ:
ನಾನು ಅಳತೆ ತೆಗೆದು ಕಳಿಸುತ್ತೇನೆ ಅಕ್ಕ. ನಮ್ಮ ಹಳೇ ಸಾಲಿನಲ್ಲಿ ಈಗಲೂ ಮರದ ಅಗುಳಿಯ ಬಾಗಿಲಿದೆ. ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ರೈಟ್ರನ್ನು ನಿಲ್ಲಿಸುವಾಗ ಕೊಡೆ ಮಡಿಸಿ ನಿಲ್ಲಿಸಿ, ಸೂರಿನ ಕೆಳಗೆ ಬಿಚ್ಚಿದ ಕೊಡೆ ಹಿಡಿಸುವುದಿಲ್ಲ.